ಗೂನ ಜಾಲಿಯ ಬೂದಿ ಗಿಡುಗ

"ಯಾರ್ರಿ ಅಲ್ಲೆ? ಜೀವಂತ ಅದೀರೋ, ಹೋಗೀರೋ?"

ಕೌದಿಯ ಕೆಳಗೆ ಬೋರಲು ಬಿದ್ದಿದ್ದ ಅರುಣಾಳ ಎದೆ ಧಸಕ್ಕೆಂದಿತು.

ಹಿಂದೆ ಯಾರೋ ಗಂಡಸು ನಿಂತಿದ್ದಾನೆ. ಮುಂದೆ, ಮೂವತ್ತು ಮಾರು ದೂರದ ಹೆಂಟೆಯ ಮೇಲೆ, ಹನ್ನೊಂದು ದಿನದಿಂದ ಅವಳು ಹುಡುಕುತ್ತಿದ್ದ ಹಕ್ಕಿ ಕೂತಿದೆ. ತಿರುಗಿದರೆ ಹಕ್ಕಿ ಹೋಗುತ್ತದೆ. ತಿರುಗದಿದ್ದರೆ...

"ಸತ್ತೇನಿ! ಸುಮ್ಮನ ಹೋಗ್ರಿ ಅಣ್ಣಾರ!" ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದಳು.

"ಸತ್ತವರು ಹಿಂಗ ಜಬರಸೂದು ಚಲೋ ಅಲ್ರಿ ಅಕ್ಕಾರ. ಅದೂ ನಮ್ಮ ಹೊಲದಾಗ."

ಹಕ್ಕಿ ಕುತ್ತಿಗೆ ತಿರುಗಿಸಿತು. ಅರಿಷಿಣದಂಥ ಒಂದು ಕಣ್ಣು ಅವಳನ್ನು ನೇರ ನೋಡಿತು. ಅರುಣಾಳ ಬೆರಳು ಕ್ಯಾಮೆರಾದ ಗುಂಡಿಯ ಮೇಲೆ ಹಾಗೇ ಮರಗಟ್ಟಿತು. ಒತ್ತಬೇಕೆಂಬುದೇ ಮರೆತುಹೋಯಿತು! ಮರುಗಳಿಗೆ ಬೂದಿ ಬಣ್ಣದ ರೆಕ್ಕೆ ಬಿಚ್ಚಿತು. ತುದಿಗಳೆರಡನ್ನೂ ಮಸಿಯಲ್ಲಿ ಅದ್ದಿ ತೆಗೆದಂತಿತ್ತು. ನೆಲಕ್ಕೆ ತಾಗಿಯೂ ತಾಗದಂತೆ ತೇಲಿ ಕಡಲೆ ಹೊಲದ ಮೇಲೆ ಹೊರಟೇಹೋಯಿತು.

ಅರುಣಾ ಎದ್ದು ನಿಂತಳು. ಬೈಯಬೇಕೆಂದು ಬಾಯಿ ತೆರೆದಳು.

"ಮೂಗಿಗೆ ಎರಿಮಣ್ಣ ಹತ್ತೇತಿ," ಎಂದ ಅವನು. ಮೂವತ್ತೆರಡರ ಆಸುಪಾಸು, ಹೆಗಲ ಮೇಲೆ ಟವೆಲ್ಲು, ನಗು ತಡೆಯಲು ಒದ್ದಾಡುತ್ತಿದ್ದ ಮುಖ. "ಒಂದ ಮಾತು ಕೇಳಲೇನ್ರಿ? ಈ ಕೌದಿ ಯಾಕ?"

"ಅಡಗಾಕ! ಹಕ್ಕಿಗೆ ಕಾಣಬಾರದಂತ!"

"ಅದರಾಗ ಕೆಂಪ ಐತಿ, ಹಳದಿ ಐತಿ, ಗಿಣಿಹಸರ ಐತಿ... ನೀವು ಅಡಗಾಕ ಬಂದಿದ್ರೋ, ವರಾ ನೋಡಾಕ ಬಂದಿದ್ರೋ?"

ಅರುಣಾಳಿಗೆ ಸಿಟ್ಟು ಬಂತು. ಸಿಟ್ಟಿನ ನಡುವೆಯೇ ನಗುವೂ ಬಂತು, ಅದಕ್ಕಾಗಿ ಇನ್ನಷ್ಟು ಸಿಟ್ಟು ಬಂತು.

ಅವಳದು ಅಣ್ಣಿಗೇರಿ. ಅಪ್ಪ ಬಸವಣ್ಣೆಪ್ಪನ ಫೋಟೋ ಸ್ಟುಡಿಯೋ ಈಗ ಅವಳ ಕೈಯಲ್ಲಿ. ಅಪ್ಪ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ನೋಡಿಕೊಂಡರೆ, ಮದುವೆಗಳೆಲ್ಲ ಮಗಳದು. ಎಂಟು ವರ್ಷ ಮದುವೆ ತೆಗೆದು ಅವಳಿಗೆ ಒಂದು ವಿಷಯ ತಿಳಿದಿತ್ತು. ಕ್ಯಾಮೆರಾ ಕಂಡೊಡನೆ ಮನುಷ್ಯರು ತಾವಲ್ಲದ ಯಾರೋ ಆಗಿಬಿಡುತ್ತಾರೆ. ಗಿಡುಗ ಹಾಗಲ್ಲ. ಅದು ಕ್ಯಾಮೆರಾದ ಮುಂದೂ ಗಿಡುಗವೇ. ಅದಕ್ಕೇ ಮದುವೆಯಿಲ್ಲದ ದಿನಗಳಲ್ಲಿ ಅವಳು ಕಪ್ಪು ಮಣ್ಣಿನ ಎರೆಹೊಲಗಳ ಪಾಲು.

"ಪುಸ್ತಕದಾಗ ಇದಕ್ಕ ಸೆಳೆವ ಅಂತಾರ," ಎಂದಳು ಕೌದಿ ಮಡಚುತ್ತ. "ಕಜಕಸ್ತಾನದ ಕಡೆಯಿಂದ ಬರ್ತಾವ."

"ನಮ್ಮಜ್ಜ ಬೂದಿ ಗಿಡಗ ಅಂತಿದ್ದ. ಎಲ್ಲಿಂದ ಬರ್ತಾವಂತ ಅವಂಗೂ ಗೊತ್ತಿರಲಿಲ್ಲ." ಅವನು ಹಕ್ಕಿ ಹೋದ ದಿಕ್ಕಿಗೆ ನೋಡಿದ. "ಒಂದಕ್ಕ ಇಷ್ಟ ಒದ್ದಾಡಿದ್ರಿ. ಮೂವತ್ತು ನೋಡಿದ್ರ ಏನ ಮಾಡ್ತೀರಿ?"

"ಮೂವತ್ತು?!"

"ಸಂಜಿಕ ಬರ್ರಿ. ಕೌದಿ ಮನ್ಯಾಗ ಬಿಟ್ಟು ಬರ್ರಿ."

ಅವನ ಹೆಸರು ಈರೇಶ. ತಿರ್ಲಾಪುರದವನು.

* * *

ತಿರ್ಲಾಪುರದ ದಾರಿಯಲ್ಲಿ, ಊರಿಗಿಂತ ಮೊದಲು, ಬೆನ್ನು ಬಾಗಿದ ಮುದುಕನಂಥ ಒಂದು ಜಾಲಿಗಿಡವಿದೆ. ಬಸ್ಸಿನವರೆಲ್ಲ ಅದಕ್ಕೆ ಗೂನ ಜಾಲಿ ಅನ್ನುತ್ತಾರೆ. ಬೋರ್ಡಿಲ್ಲ, ಶೆಡ್ಡಿಲ್ಲ, ಗಿಡವೇ ಸ್ಟಾಪು. ಅರುಣಾ ಅಂದು ಸಂಜೆ ಅಲ್ಲೇ ಇಳಿದಳು. ಆಮೇಲೆ ಒಂದು ತಿಂಗಳು ಅಲ್ಲೇ ಇಳಿಯುತ್ತಿದ್ದಳು.

ಗಿಡದ ಆಚೆ ಈರೇಶನ ಎಂಟೆಕರೆ ಬೀಳು. ಎತ್ತಿನ ಮೇವಿಗೆಂದು ಅಜ್ಜ ಬಿಟ್ಟ ಹುಲ್ಲು, ಸೊಂಟದೆತ್ತರ. ಅದರ ಅಂಚಿಗೆ ಅವನು ಚಕ್ಕಡಿ ನಿಲ್ಲಿಸಿ ಎತ್ತು ಬಿಚ್ಚಿದ್ದ.

"ಚಕ್ಕಡಿ ಕೆಳಗ ಕುಂದರ್ರಿ. ಮನಷಾನ್ನ ಕಂಡ್ರ ಏಳ್ತಾವ. ಚಕ್ಕಡಿ ಅವಕ್ಕ ರೂಢಿ ಐತಿ."

ಅರುಣಾ ಗಾಲಿಗಳ ನಡುವೆ ತೂರಿ ಕೂತಳು. ಗಾಲಿಯ ಆ ಬದಿಗೆ ಅವನು.

ಹೊತ್ತು ಕಂತುತ್ತಿತ್ತು. ಎಲ್ಲಿಯೂ ಏನೂ ಇಲ್ಲ. 'ಮಂಗ್ಯಾ ಮಾಡಿದ್ನೇನು ಇವ?' ಎಂದುಕೊಳ್ಳುವಷ್ಟರಲ್ಲಿ...

"ಉತ್ತರಕ್ಕ ನೋಡ್ರಿ," ಎಂದ ಈರೇಶ, ಉಸಿರಿನಲ್ಲಿ.

ಒಂದು ಬಂತು. ಹೊಲದ ಮೇಲೆ ಆಳೆತ್ತರದಲ್ಲಿ ತೇಲುತ್ತ, ರೆಕ್ಕೆಯನ್ನು ತುಸು ಮೇಲಕ್ಕೆ ಹಿಡಿದು, ಗಾಳಿಯನ್ನೇ ಕೈಯಲ್ಲಿ ತೂಗಿ ನೋಡುವಂತೆ. ಅದರ ಹಿಂದೆ ಎರಡು. ಪೂರ್ವದಿಂದ ಐದು. ಹೆಣ್ಣು ಕಂದು, ಗಂಡು ಬೂದಿ. ಸದ್ದಿಲ್ಲ. ಇಷ್ಟೊಂದು ರೆಕ್ಕೆ ಒಂದು ಆಕಾಶದಲ್ಲಿದ್ದೂ ಸದ್ದಿಲ್ಲ! ಹುಲ್ಲಿನ ಮೇಲೆ ಸುತ್ತಿದವು, ಒಂದನ್ನೊಂದು ದಾಟಿದವು, ಮತ್ತೆ ಸುತ್ತಿದವು. ಕೆಂಪು ಬೆಳಕು ಒಂದೊಂದರ ಹೊಟ್ಟೆಯನ್ನೂ ಮುಟ್ಟಿ ಮುಟ್ಟಿ ಬಿಡುತ್ತಿತ್ತು. ಆಮೇಲೆ, ಯಾರೋ ಮೆಲ್ಲಗೆ ಕರೆದಂತೆ, ಒಂದೊಂದಾಗಿ ರೆಕ್ಕೆ ಎತ್ತಿ ಹುಲ್ಲಿನೊಳಗೆ ಇಳಿದು ಮಾಯವಾದವು.

ಅರುಣಾಳ ಕೆನ್ನೆ ಒದ್ದೆಯಾಗಿತ್ತು. ಯಾಕೆಂದು ಅವಳಿಗೂ ತಿಳಿಯಲಿಲ್ಲ. ಎಷ್ಟು ಪರ್ವತ, ಎಷ್ಟು ಮರಳುಗಾಡು ದಾಟಿ, ಅಷ್ಟು ದೊಡ್ಡ ಭೂಮಿಯಲ್ಲಿ ಇವು ಮಲಗಲು ಹುಡುಕಿಕೊಂಡದ್ದು ಈ ಎಂಟೆಕರೆ ಹುಲ್ಲು...

"ಫೋಟೋ?" ಎಂದ ಈರೇಶ.

ಅವಳು ಕ್ಯಾಮೆರಾ ನೋಡಿಕೊಂಡಳು. ಲೆನ್ಸಿನ ಮುಚ್ಚಳವನ್ನೇ ತೆಗೆದಿರಲಿಲ್ಲ.

ಅವನು ನಗಲಿಲ್ಲ. ಅರುಣಾ ಅದನ್ನು ಗಮನಿಸಿದಳು.

"ಅಕ್ಕಾರ, ಒಂದ ಮಾತು ಕೊಡ್ರಿ. ಈ ಜಾಗಾ ಯಾರಿಗೂ ಹೇಳಬ್ಯಾಡ್ರಿ. ಅವು ನೆಲದ ಮ್ಯಾಲೆ ಮಲಗತಾವ. ಯಾರರ ಹುಲ್ಲಿನ್ಯಾಗ ಕಾಲಿಟ್ರ ಮುಗೀತು, ಬಿಟ್ಟ ಹೋಗ್ತಾವ."

"ಕೊಟ್ಟೆ," ಎಂದಳು ಅರುಣಾ.

* * *

ಆ ತಿಂಗಳಲ್ಲಿ ಅಕ್ಕಾರ, ಅಣ್ಣಾರ ಎಂಬ ಎರಡು ಮಾತು ಎಂದು ಬಿದ್ದುಹೋದವೋ ಇಬ್ಬರಿಗೂ ಗೊತ್ತಾಗಲಿಲ್ಲ. ಈರೇಶನ ತಾಯಿ ರೇವವ್ವನಿಗೆ ಮಾತ್ರ ಗೊತ್ತಾಯಿತು.

"ಏ ಈರ್ಯಾ, ಅಕಿ ಗಿಡಗ ನೋಡಾಕ ಬರ್ತಾಳ. ನೀ ದಿನಾ ಸಂಜಿಕ ಏನ ನೋಡಾಕ ಹೋಗ್ತೀಪಾ?"

"ಎತ್ತು ಕಟ್ಟಾಕ ಬೇ."

"ಎತ್ತು ಮನ್ಯಾಗ ಅದಾವಲ್ಲೋ!"

ಜನವರಿಯ ಒಂದು ಸಂಜೆ ಅರುಣಾ ಉದ್ದನೆಯ ಲೆನ್ಸು ಬಿಚ್ಚಿಟ್ಟಳು. ಗಿಡುಗದ ಕಣ್ಣು, ಉಗುರು, ಕೊಕ್ಕು ಎಲ್ಲ ತೆಗೆದಾಗಿತ್ತು. ಅವುಗಳಲ್ಲಿ ಏನೋ ಇರಲಿಲ್ಲ. ಏನಿಲ್ಲವೆಂದು ಅಂದು ಹೊಳೆಯಿತು: ಈ ನೆಲ ಇರಲಿಲ್ಲ. ಹಾಗಾಗಿ ಸಣ್ಣ ಲೆನ್ಸು ಹಾಕಿ ಎಲ್ಲವನ್ನೂ ಒಳಗೆ ಬರಗೊಟ್ಟಳು. ಬಿರುಕು ಬಿಟ್ಟ ಎರೆ, ಬಂಗಾರದ ಹುಲ್ಲು, ಇಳಿಯುತ್ತಿರುವ ಮೂವತ್ತು ರೆಕ್ಕೆ, ಅಂಚಿನಲ್ಲಿ ಬಾಗಿ ನಿಂತ ಜಾಲಿ. ಗುಂಡಿ ಒತ್ತಿದಾಗಲೇ ಗೊತ್ತಾಯಿತು, ಇಂಥದ್ದು ಇನ್ನೊಂದು ತನ್ನ ಕೈಯಿಂದ ಆಗುವುದಿಲ್ಲ ಎಂದು.

ಈರೇಶ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ಆ ಚಿತ್ರ ನೋಡಿದ. ಆಮೇಲೆ, "ದಿನಾ ನೋಡೂ ಹೊಲಾ... ಇವತ್ತ ನೋಡಿದೆ," ಅಂದ.

ಅರುಣಾಳಿಗೆ ಅಂದು ರಾತ್ರಿ ಊಟ ಸೇರಲಿಲ್ಲ. ಖುಷಿಗೆ.

ಮರುದಿನ ಆ ಚಿತ್ರವನ್ನು ಫೇಸ್‌ಬುಕ್ಕಿಗೆ ಹಾಕಿದಳು. ಊರಿನ ಹೆಸರಿಲ್ಲ, ತಾಲ್ಲೂಕಿನ ಹೆಸರಿಲ್ಲ. 'ಎರೆ ನೆಲದ ಸಂಜೆ' ಎಂದಷ್ಟೇ ಬರೆದಳು. ಕೊಟ್ಟ ಮಾತು ನೆನಪಿಟ್ಟುಕೊಂಡೇ ಬರೆದಳು.

ಎರಡು ದಿನದಲ್ಲಿ ಆ ಚಿತ್ರ ಎಲ್ಲೆಲ್ಲಿಗೋ ಹೋಯಿತು. ಅರುಣಾ ಕುಂದಗೋಳದ ಒಂದು ಮದುವೆಯಲ್ಲಿ ಅಕ್ಕಿಕಾಳು, ಬಾಸಿಂಗ, ಬೀಗರ ಮುನಿಸು ತೆಗೆಯುತ್ತ ಮೊಬೈಲು ನೋಡಲಿಲ್ಲ.

ರವಿವಾರ ಸಂಜೆ ಗೂನ ಜಾಲಿಗೆ ಇಳಿದವಳು ಇಳಿದಲ್ಲೇ ನಿಂತುಬಿಟ್ಟಳು.

ಹನ್ನೊಂದು ಜೀಪು! ಹುಲ್ಲಿನ ತುಂಬ ಸೈನಿಕರಂತೆ ಚಿಬ್ಬು ಬಣ್ಣದ ಅಂಗಿ ತೊಟ್ಟು ಕ್ಯಾಮೆರಾ ಹಿಡಿದವರು. ಒಬ್ಬ ನಡುಹುಲ್ಲಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ, ಹಕ್ಕಿ ಏಳಲಿ ಎಂದು. ಎದ್ದವು. ಒಂದು ಸುತ್ತು, ಎರಡು ಸುತ್ತು. ಪ್ರತಿ ಸುತ್ತಿಗೂ ಇನ್ನಷ್ಟು ಮೇಲೆ. ಕೊನೆಗೆ ತೆಂಕಣ ದಿಕ್ಕಿಗೆ ಚುಕ್ಕೆಗಳಾಗಿ ಕರಗಿದವು.

ಈರೇಶ ಗಿಡದ ಕೆಳಗೆ ನಿಂತಿದ್ದ. ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು.

"ಮಾತು ಕೊಟ್ಟಿದ್ರಿ."

"ನಾ ಹೆಸರ ಬರದಿಲ್ಲರಿ! ಒಂದ ಅಕ್ಷರಾನೂ..."

"ಹಂಗಾರ ಇವರು ವಾಸನಿ ಹಿಡಕೊಂಡ ಬಂದ್ರೇನು?"

ಅದೇ ಹೊತ್ತಿಗೆ ಜೀಪಿನಿಂದ ಯಾರೋ ಕೈಬೀಸಿದರು: "ಅರುಣಾ ಮೇಡಮ್! ಸೂಪರ್ ಜಾಗ! ಥ್ಯಾಂಕ್ಸ್ ಮೇಡಮ್!"

ಈರೇಶ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಹೋಗ್ರಿ. ನಿಮ್ಮವರು ಕರಿಯಾಕತ್ತಾರ."

ಮರಳುವ ಬಸ್ಸಿನಲ್ಲಿ ಅರುಣಾ ಮೊಬೈಲು ತೆಗೆದಳು. ಸಾವಿರ ಮೆಚ್ಚುಗೆಯ ನಡುವೆ ಒಂದು ಮಾತಿತ್ತು. ಬರೆದವರು ಹೊಳೆಯಪ್ಪ, ನಿವೃತ್ತ ಕಂಡಕ್ಟರು:

'ಇದು ನಮ್ಮ ಗೂನ ಜಾಲಿ! ಇಪ್ಪತ್ತಾರು ವರ್ಷ ಅಲ್ಲೆ ಸೀಟಿ ಹೊಡದೇನಿ, ನನಗ ಗೊತ್ತಾಗಂಗಿಲ್ಲೇನು? ತಿರ್ಲಾಪುರದ ಬಸ್ ಹತ್ರಿ, ಊರಿಗಿಂತ ಮೊದಲ ಇಳೀರಿ. ಎಲ್ಲಾರೂ ಬರ್ರಿ, ನಮ್ಮ ಭಾಗದ ಹೆಮ್ಮಿ!' ಕೊನೆಗೆ ಮೂರು ಜೋಡಿ ಮುಗಿದ ಕೈ.

ಅರುಣಾ ಕಣ್ಣು ಮುಚ್ಚಿದಳು.

ಬೆಂಗಳೂರಿನವರಿಗೆ ಅದು ಒಂದು ಗಿಡ. ಈ ದಾರಿಯ ಬಸ್ಸಿನಲ್ಲಿ ಒಮ್ಮೆ ಕೂತವರಿಗೆ ಅದು ವಿಳಾಸ. ತಿಂಗಳಿಡೀ 'ಗೂನ ಜಾಲಿ ಒಂದ ಕೊಡ್ರಿ' ಎಂದು ಚೀಟಿ ತೆಗೆಸಿದವಳು ತಾನು! ಅದನ್ನೇ ಚೌಕಟ್ಟಿನೊಳಗೆ ನಿಲ್ಲಿಸಿ, ಹೆಸರು ಬರೆದಿಲ್ಲ ಎಂದು ಎದೆ ತಟ್ಟಿಕೊಂಡವಳೂ ತಾನೇ!

ಚಿತ್ರ ಅಳಿಸಿದಳು. ಈರೇಶನಿಗೆ 'ತಪ್ಪಾತ್ರಿ' ಎಂದು ಬರೆದಳು. ಅದನ್ನೂ ಅಳಿಸಿದಳು. ತಪ್ಪಾಯಿತು ಅಂದರೆ ಹಕ್ಕಿಗಳು ಬರುತ್ತವೆಯೆ?

* * *

ಬೇಸಿಗೆ ಹೋಯಿತು, ಮುಂಗಾರು ಹೋಯಿತು. ಅರುಣಾ ಮದುವೆ ತೆಗೆದಳು, ಸೀಮಂತ ತೆಗೆದಳು, ಜವಳ ತೆಗೆದಳು. ಉದ್ದನೆಯ ಲೆನ್ಸಿನ ಡಬ್ಬಿಯ ಮೇಲೆ ಧೂಳು ಕೂತಿತು. ಅಪ್ಪ ಒರೆಸಿಟ್ಟ. ಮತ್ತೆ ಕೂತಿತು.

ಅಕ್ಟೋಬರಿನಲ್ಲಿ ಒಂದು ದಿಬ್ಬಣದ ಗಾಡಿಯಲ್ಲಿ ಆ ದಾರಿಯೇ ಬಂತು. ನೋಡಬಾರದು ಎಂದುಕೊಂಡೇ ನೋಡಿದಳು.

ಗೂನ ಜಾಲಿಯಿಂದ ಒಡ್ಡಿನವರೆಗೆ, ಕಣ್ಣಿಗೆ ಕಂಡಷ್ಟೂ ನೆಲ ಕಪ್ಪಗೆ. ರಂಟೆ ಹೊಡೆದ ಹಸಿ ಮಣ್ಣು. ಹುಲ್ಲಿನ ಒಂದು ಎಸಳಿಲ್ಲ.

"ಈರೇಶಪ್ಪಾರು ಬೀಳು ಒಡದ್ರಲ್ಲ," ಎಂದ ಡ್ರೈವರು. "ಹೋದ ವಾರ."

ಅರುಣಾ ಕಿಟಕಿಯ ಗಾಜು ಇಳಿಸಿ ಹಿಂದಕ್ಕೆ ತಿರುಗಿ ನೋಡಿದಳು. 'ಅಜ್ಜನ ಕಾಲದ ಹುಲ್ಲು... ನನ್ನ ಮೇಲಿನ ಸಿಟ್ಟಿಗೆ ಅದನ್ನೂ ಅಳಿಸಿಬಿಟ್ಟೆಯಾ ಈರೇಶ?' ಹಕ್ಕಿಗಳು ಬಂದರೂ ಇನ್ನು ಇಳಿಯಲು ಜಾಗವಿಲ್ಲ. ಮರಳುವ ದಾರಿಯೇ ಇಲ್ಲದಂತೆ ಎಲ್ಲ ಮುಗಿದುಹೋಗಿತ್ತು.

ಎಳ್ಳು ಅಮಾವಾಸ್ಯೆಯ ಹಿಂದಿನ ದಿನ ಫೋನು ಬಂತು.

"ನಾ ರೇವವ್ವ. ನಾಳಿ ನೀ ನಮ್ಮ ಹೊಲಕ್ಕ ಚರಗಾ ಚೆಲ್ಲಾಕ ಬರ್ತಿ. ಕ್ಯಾಮರಾ ತೊಗೊಂಡ ಬರ್ತಿ."

"ಅವ್ವಾರ, ನನಗ ನಾಳೆ..."

"ಕೇಳಿಲ್ಲ ನಾ, ಹೇಳೀನಿ. ಚರಗಾ ಚೆಲ್ಲೂ ಮುಂದ ನಂದೊಂದ ಚಲೋ ಫೋಟೋ ಆಗಬೇಕು, ಸ್ಟೇಟಸ್ಸಿಗೆ. ನಮ್ಮ ಬೀಗತಿ ದಿನಾ ಒಂದ ಹಾಕ್ತಾಳ, ಉರ್ಕೊಳ್ಳಿ ಅಕಿ. ನೀ ಬರದಿದ್ರ ಬುತ್ತಿ ಕಟಗೊಂಡ ನಾನ ಸ್ಟುಡಿಯೋಕ ಬಂದ ಕುಂದರ್ತೀನಿ ನೋಡ!"

ಬಂದು ಕೂರುವ ಹೆಂಗಸೇ ಅದು. ಅರುಣಾ ಹೋದಳು.

ಜೋಳದ ಹೊಲದಲ್ಲಿ ರೇವವ್ವ ಭೂಮಿತಾಯಿಯ ಎಡೆಯೆಂದು ಅಡುಗೆಯ ಚರಗವನ್ನು ನಾಲ್ಕು ದಿಕ್ಕಿಗೂ ಚೆಲ್ಲಿದಳು, ಆರು ಫೋಟೋ ತೆಗೆಸಿಕೊಂಡಳು, ಐದನ್ನು ತಿರಸ್ಕರಿಸಿದಳು. ಈರೇಶ ಎದುರಿಗೇ ಕೂತು ಸಜ್ಜಿ ರೊಟ್ಟಿ ಮುರಿದ. ಅರುಣಾ ಎಣಗಾಯಿಯನ್ನು ರೊಟ್ಟಿಯ ಮೇಲೆ ಅತ್ತಿಂದಿತ್ತ ಸರಿಸುತ್ತ ಕೂತಳು.

"ಉಂಡಾತಲ್ಲ?" ರೇವವ್ವ ಪಾತ್ರೆ ಎತ್ತುತ್ತ ಅಂದಳು. "ಇಬ್ರೂ ಮೂಕರಂಗ ಕುಂತೀರಿ. ಈರ್ಯಾ, ಹುಡುಗೀನ್ನ ಒಡ್ಡಿನ ಆಚೆ ಕರಕೊಂಡ ಹೋಗ. ನೋಡಲಿ ಅಕಿ. ನನಗ ಮನ್ಯಾಗ ಕೆಲಸ ಐತಿ."

ಅರುಣಾ ಒಡ್ಡು ಹತ್ತಿದಳು.

ಹುಲ್ಲು ಇತ್ತು! ಒಡ್ಡಿನ ಆಚೆ, ರಸ್ತೆಗೆ ಕಾಣದಂತೆ, ಹಾಗೇ, ಸೊಂಟದೆತ್ತರ, ಬಂಗಾರದ ಬಣ್ಣಕ್ಕೆ ತಿರುಗಿ ಗಾಳಿಗೆ ತೂಗುತ್ತಿತ್ತು. ಅದರ ಸುತ್ತ, ನಾಲ್ಕೂ ಕಡೆ, ಸಾಲುಸಾಲಾಗಿ ಕುಸುಬಿ. ಎಲೆಗೊಂದು ಮುಳ್ಳು, ಮೊಗ್ಗಿಗೆ ಹತ್ತು ಮುಳ್ಳು.

ಜೋಳದ ಹೊಲಕ್ಕೆ ದನ ನುಗ್ಗದಿರಲೆಂದು ಅಂಚಿಗೆ ಕುಸುಬಿ ಬಿತ್ತುವುದು ಈ ಭಾಗದಲ್ಲಿ ಎಲ್ಲರೂ ಮಾಡುವ ಕೆಲಸ. ಹುಲ್ಲಿಗೆ ಕುಸುಬಿ ಬೇಲಿ ಹಾಕಿದವನನ್ನು ಮಾತ್ರ ಅರುಣಾ ಕಂಡಿರಲಿಲ್ಲ. ಅಂದು ಕಂಡ ಕಪ್ಪು ನೆಲ ಬೀಳಿನ ರಸ್ತೆ ಬದಿಯ ತುಂಡು ಮಾತ್ರ, ಈ ಜೋಳ-ಕುಸುಬಿಯ ಬಿತ್ತಿಗೆಗೆ ಹದ ಮಾಡಿದ್ದು.

"ದನಕ್ಕ ನಾಕ ಸಾಲ ಸಾಕು," ಎಂದ ಈರೇಶ, ಎಲ್ಲೋ ನೋಡುತ್ತ. "ಫೋಟೋದವರಿಗೆ ಹನ್ನೆರಡ ಬೇಕಾಗಬಹುದು ಅನಿಸ್ತು."

ಅರುಣಾ ನಕ್ಕಳು. ನಗುತ್ತಲೇ ಅತ್ತುಬಿಟ್ಟಳು.

"ತಪ್ಪ ನಂದ ಈರೇಶ. ಆ ಗಿಡ ನೋಡಿ ದಿನಾ ಬಸ್ ಇಳಿತಿದ್ದೆ. ಫೋಟೋದಾಗ ಅದು ಎಲ್ಲಾರಿಗೂ ದಾರಿ ಹೇಳ್ತೈತಿ ಅಂತ ಹೊಳೀಲೇ ಇಲ್ಲ. ಖರೇನ ನಾ ಯಾರಿಗೂ..."

"ಗೊತ್ತೈತಿ. ಹೊಳೆಯಪ್ಪ ಕಾಕಾ ಬಂದಿದ್ದ. ಯುಗಾದಿ ಮುಂದ. ಒಂದ ಕಿಲೋ ಪೇಢೆ ತೊಗೊಂಡ ಬಂದು, ಊರಿನ ಹೆಸರ ಬೆಳಸಾಕ ಹೋಗಿ ಹಕ್ಕಿ ಓಡಿಸಿದೆ ಅಂತ ಅತ್ತ."

"ಯುಗಾದಿ?!" ಅಳು ನಿಂತೇಹೋಯಿತು. "ಒಂಬತ್ತ ತಿಂಗಳಾತು! ಒಂದ ಫೋನ್ ಮಾಡಾಕ ಏನಾಗಿತ್ತು ನಿಮಗ?"

"ಏನಂತ ಮಾಡ್ಲಿ? ಎಲ್ಲಾರ ಮುಂದ 'ಹೋಗ್ರಿ' ಅಂದಿದ್ದೆ." ಅವನ ದನಿ ಇಳಿಯಿತು. "ಗಿಡಗ ಬರಲಿ, ಆಮ್ಯಾಲೆ ಕರಿಯೂಣು ಅನಕೊಂಡೆ. ಬರಿಗೈಲೆ ಹೆಂಗ ಬರ್ಲಿ ನಿಮ್ಮ ಮುಂದ?"

"ನಾ ಗಿಡಗ ಕೇಳಿದ್ನೇನ್ರಿ ನಿಮ್ಮನ್ನ?"

ಈರೇಶ ಅವಳನ್ನು ನೋಡಿದ. ಆಮೇಲೆ ಹುಲ್ಲಿನ ಕಡೆ ತಿರುಗಿದ.

"ಬಂದಾವೇನು?" ಎಂದಳು ಅರುಣಾ, ಮೆಲ್ಲಗೆ.

ಅವನು ತಲೆ ಅಲ್ಲಾಡಿಸಿದ. "ದೀಪಾವಳಿಯಿಂದ ದಿನಾ ಬಂದ ಕುಂದರ್ತೀನಿ. ಕಾರ್ತೀಕ ಹೋತು. ಒಂದೂ ಇಲ್ಲ. ಅವ್ವ ನಿಮ್ಮನ್ನ ಕರೀತೀನಿ ಅಂದಾಗ ಬ್ಯಾಡ ಅಂದಿದ್ದೆ."

ಅಷ್ಟು ಮುಳ್ಳು ಬಿತ್ತಿ, ಅಷ್ಟು ಸಂಜೆ ಒಬ್ಬನೇ ಖಾಲಿ ಆಕಾಶ ನೋಡಿದ್ದಾನೆ. ಅದು ಖಾಲಿಯಾದದ್ದು ತನ್ನಿಂದ. ಅವು ಮರೆತುಬಿಟ್ಟಿದ್ದರೆ? ಇನ್ನೆಂದೂ ಬಾರದಿದ್ದರೆ, ಇವನೆದುರು ತಾನು ಯಾವ ಮುಖ ಹೊತ್ತು ನಿಲ್ಲಲಿ?

"ಇವತ್ತ ಇಬ್ರೂ ಕುಂದರೂಣು," ಎಂದಳು.

ಒಡ್ಡಿನ ಮರೆಗೆ ಕೂತರು. ಹೊತ್ತು ಇಳಿಯಿತು. ಕುಸುಬಿಯ ಮೇಲಿನ ಬೆಳಕು ಹಳದಿಯಾಗಿ, ಕೆಂಪಾಗಿ, ತೆಳುವಾಗುತ್ತ ಹೋಯಿತು. ಒಂದು ಕೊಕ್ಕರೆ ಹೋಯಿತು. ಎರಡು ಕಾಗೆ. ಅರುಣಾ ಉತ್ತರದಿಂದ ಕಣ್ಣು ಕೀಳಲಿಲ್ಲ. ಸೂರ್ಯ ನೆಲಕ್ಕೆ ಮುಟ್ಟಿದ, ಅರ್ಧವಾದ, ಗೆರೆಯಾದ.

ಈರೇಶ ಎದ್ದ. "ಹೋಗೂಣು, ಕತ್ತಲಾತು."

ಅರುಣಾ ಅವನ ಮುಂಗೈ ಹಿಡಿದು ಕೆಳಗೆ ಎಳೆದಳು.

ಬೂದಿ ಬಣ್ಣದ ಒಂದು ಚೂರು, ಬೆಳಕೋ ಹಕ್ಕಿಯೋ ತಿಳಿಯದಂತೆ, ಜೋಳದ ತೆನೆಗಳ ಮೇಲಿಂದ ತೇಲಿ ಬರುತ್ತಿತ್ತು.

ಬಂತು. ಕುಸುಬಿಯ ಸಾಲು ದಾಟುವಾಗ ರೆಕ್ಕೆ ತುಸು ಎತ್ತಿತು, ಹೊಸ ಹೊಸ್ತಿಲು ದಾಟುವವರಂತೆ. ಹುಲ್ಲಿನ ಮೇಲೆ ಒಂದು ಸುತ್ತು ಹಾಕಿತು. ಎರಡನೆಯದು ಅವರ ತಲೆಯ ಮೇಲಿಂದಲೇ ಹೋಯಿತು, ಎದೆಯ ಗರಿ ಎಣಿಸುವಷ್ಟು ಹತ್ತಿರದಿಂದ. ಆಮೇಲೆ ಕಂದು ಹೆಣ್ಣು. ಆಮೇಲೆ ಮೂರು, ಒಟ್ಟಿಗೆ. ಮಾತಿಲ್ಲ, ಸದ್ದಿಲ್ಲ. ಸಾವಿರಾರು ಹರದಾರಿ ಹಾದು ಬಂದ ಪ್ರಾಣಿಗಳು ಇಬ್ಬರು ಮನುಷ್ಯರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, ರೆಕ್ಕೆ ಎತ್ತಿ, ಒಂದೊಂದಾಗಿ ನೆಲಕ್ಕೆ ಇಳಿದವು. ಮೂವತ್ತಲ್ಲ. ಏಳೋ ಎಂಟೋ. ಆದರೂ ಅರುಣಾಳಿಗೆ ಆಕಾಶ ತುಂಬಿದಂತೆ ಕಂಡಿತು.

ಹಿಡಿದ ಮುಂಗೈಯನ್ನು ಅವಳು ಬಿಟ್ಟಿರಲಿಲ್ಲ. ಅವನೂ ಬಿಡಿಸಿಕೊಂಡಿರಲಿಲ್ಲ.

"ತೆಗೀರಿ," ಎಂದ ಈರೇಶ, ಒದ್ದೆ ದನಿಯಲ್ಲಿ. "ಇನ್ನೂ ಬೆಳಕೈತಿ."

"ಗಿಡ ಬರ್ತೈತ್ರಿ ಅದರಾಗ."

"ಬರಲಿ. ಗಿಡ ಬಿಟ್ರ ಅದು ನಮ್ಮ ಸಂಜಿ ಹೆಂಗಾದೀತು? ಊರಿಗೆಲ್ಲಾ ಬ್ಯಾಡ. ಮನಿ ಗ್ವಾಡಿಗೆ ಹಾಕೂಣು."

ಅರುಣಾ ಒಂದೇ ಒಂದು ತೆಗೆದಳು. ಆಮೇಲೆ, ಕ್ಯಾಮೆರಾ ಕೆಳಗಿಡದೆಯೇ ಕೇಳಿದಳು:

"ಯಾರ ಮನಿ ಗ್ವಾಡಿಗೆ?"

ಈರೇಶ ಹೆಗಲ ಟವೆಲ್ಲು ತೆಗೆದು ಮತ್ತೆ ಹಾಕಿಕೊಂಡ. ಹನ್ನೊಂದು ಜೀಪು ಬಂದಾಗಲೂ ಇಷ್ಟು ಹೆದರಿರಲಿಲ್ಲ ಅವನು.

"ಮಾರ್ಚದಾಗ ಅವು ತಿರಗಿ ಹೋಗ್ತಾವ, ಅರುಣಾ. ನೀವು... ಹೋಗಬ್ಯಾಡ್ರಿ."

ಅವಳು ಕ್ಯಾಮೆರಾ ಇಳಿಸಿ ಲೆನ್ಸಿನ ಮುಚ್ಚಳ ಹಾಕಿದಳು.

"ಮದುವಿ ಸುಗ್ಗ್ಯಾಗ ನಾ ಮನ್ಯಾಗ ಸಿಗಂಗಿಲ್ಲರಿ. ನಸಿಕಿನ್ಯಾಗ ಹೋದ್ರ ಯಾವ ಊರಾಗ ಇರ್ತೀನೋ ನನಗ ಗೊತ್ತಿರಂಗಿಲ್ಲ."

"ಹೊಲದ ಸುಗ್ಗ್ಯಾಗ ನಾನೂ ಸಿಗಂಗಿಲ್ಲ."

"ಮತ್ತ ಇಬ್ರೂ ಭೆಟ್ಟಿ ಆಗೂದು ಯಾವಾಗ?"

ಈರೇಶ ಹುಲ್ಲಿನ ಕಡೆ ನೋಡಿದ. ಕೊನೆಯ ಹಕ್ಕಿ ಇಳಿಯುತ್ತಿತ್ತು.

"ದಿನಾ," ಎಂದ. "ಹೊತ್ತು ಮುಳುಗೂ ಮುಂದ. ಬರ್ತೀರಿ?"

ಅರುಣಾ ಅವನ ಹೆಗಲಿಗೆ ಹಣೆ ಹಚ್ಚಿದಳು.

"ಬಂದೀನಲ್ಲ," ಎಂದಳು.